ಐಬಿಯಲ್ಲಿ ಒಂದು ರಾತ್ರಿ, ದೊಡ್ಡಪ್ಪನ ಜೊತೆ

ಶರಾವತಿ ಹಿನ್ನೀರಿನ ದಂಡೆಯಲ್ಲಿ ಒಂದು ಹಳೇ ಐಬಿ, ಅಂದರೆ ಇನ್ಸ್‌ಪೆಕ್ಷನ್ ಬಂಗಲೆ, ಇದೆ. ಯಾವುದು ಅಂತ ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಕೆಂಪು ಹೆಂಚು, ಎತ್ತರದ ಮಾಡು, ಜಗುಲಿಯಲ್ಲಿ ಉದ್ದ ಕೈಯ ಮರದ ಕುರ್ಚಿಗಳು. ಅಂಗಳ ಮುಗಿದಲ್ಲಿಂದ ನೀರು. ಬಂದವರೆಲ್ಲ ಆ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಂಡು, ಬ್ರಿಟಿಷರು ಎಂಥಾ ಜಾಗ ಹುಡುಕಿದ್ದಾರೆ ನೋಡಿ ಅಂತ ಹೊಗಳುತ್ತಾರೆ.

ಬ್ರಿಟಿಷರು ಇದನ್ನು ಕಟ್ಟಿದಾಗ ಇಲ್ಲಿ ನೀರೇ ಇರಲಿಲ್ಲ. ಇದ್ದದ್ದು ಗುಡ್ಡ. ಕೆಳಗೆ ಗದ್ದೆ, ಅಡಿಕೆ ತೋಟ, ಹತ್ತಾರು ಮನೆ, ಅದರಾಚೆ ಹೊಳೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ನೀರು ಏರುತ್ತಾ ಬಂದು ಗುಡ್ಡದ ಸೊಂಟದ ಹತ್ತಿರ ನಿಂತಿತು. ಬಂಗಲೆ ಇದ್ದಲ್ಲೇ ಇತ್ತು. ಕೂತಲ್ಲಿಗೇ ಅದಕ್ಕೆ ಹಿನ್ನೀರಿನ ನೋಟ ಸಿಕ್ಕಿತು.

ಕೆಳಗಿನ ಆ ಊರು ನಮ್ಮ ದೊಡ್ಡಪ್ಪನದು. ಊರು ಬಿಡುವಾಗ ಅವರಿಗೆ ಹತ್ತು ವರ್ಷ. ಲಾರಿಗೆ ಸಾಮಾನು ತುಂಬಿಸಿ, ಶಿವಮೊಗ್ಗದ ಕಡೆಯ ಕಾಡಿನಲ್ಲಿ ಇಳಿಸಿ ಹೋದರಂತೆ. ನಮ್ಮಪ್ಪ ಹುಟ್ಟಿದ್ದು ಆಮೇಲೆ, ಸೋಗೆ ಗುಡಿಸಲಿನಲ್ಲಿ. ದೊಡ್ಡಪ್ಪನಿಗೆ ಊರಿನ ನೆನಪು ಎಷ್ಟಿದೆಯೋ, ಬಂಗಲೆಯ ನೆನಪೂ ಅಷ್ಟೇ ಇದೆ. ಹುಡುಗರಿಗೆ ಗೇಟಿನ ಒಳಗೆ ಬಿಡುತ್ತಿರಲಿಲ್ಲ. ಸಾಹೇಬರ ಕುದುರೆಯೋ ಕಾರೋ ಬಂದರೆ ಬೇಲಿ ಸಂದಿಯಲ್ಲಿ ಇಣುಕುವುದು ಅಷ್ಟೇ. ಎಪ್ಪತ್ತು ತುಂಬಿದ ವರ್ಷ ಅವರೇ ಕೇಳಿದರು: "ಒಂದಿನ ಅಲ್ಲಿ ಮಲಗಿ ಬರಬಹುದಾ ನೋಡು ಮಾರಾಯ."

ಈ ಬಂಗಲೆಗಳು ಮೊದಲಿನಿಂದಲೂ ನಮ್ಮಂಥವರಿಗೆ ಅಂತ ಕಟ್ಟಿದ್ದಲ್ಲ ಬಿಡಿ. ಸರ್ಕೀಟು ಹೊರಟ ಅಧಿಕಾರಿ ರಾತ್ರಿ ತಂಗಲಿ ಅಂತ ಕಟ್ಟಿದ್ದು. ಜೋಗದಲ್ಲಂತೂ ಎದುರುಬದುರು ಎರಡಿವೆ. ಹೊಳೆಯೇ ಗಡಿ ಆಗಿದ್ದರಿಂದ ಈಚೆ ದಡದ್ದು ಮೈಸೂರಿನದು, ಆಚೆ ದಡದ್ದು ಬಾಂಬೆಯದು. 1956ರಲ್ಲಿ ರಾಜ್ಯ ಒಂದಾಯಿತು, ಆಚೆಯದನ್ನು ಇವತ್ತಿಗೂ ಬಾಂಬೆ ಬಂಗಲೆ ಅಂತಲೇ ಕರೆಯುತ್ತಾರೆ.

ಕೋಣೆ ಸಿಗುವುದಕ್ಕೆ ಒಂದು ಅರ್ಜಿ, ಒಂದು ಶಿಫಾರಸು, ನಾಲ್ಕಾರು ಫೋನು ಬೇಕಾಯಿತು. ಅಂತೂ 2024ರ ಮೇ ತಿಂಗಳಲ್ಲಿ ಹೊರಟೆವು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಜಲಾಶಯ ತುಂಬುವುದು 1819 ಅಡಿಗೆ. ಆ ಬೇಸಿಗೆಯಲ್ಲಿ ನೀರು ಎಷ್ಟು ಕೆಳಗಿತ್ತೆಂದರೆ, ಜಗುಲಿಯಿಂದ ನೋಡಿದರೆ ಮೊದಲು ಕಾಣುತ್ತಿದ್ದದ್ದು ಬೋಳು ಮಣ್ಣು, ಕಪ್ಪು ಮರದ ಬೊಡ್ಡೆಗಳು. ನೀರು ದೂರದಲ್ಲಿ ಒಂದು ಪಟ್ಟಿ.

ಬಂಗಲೆ ನೋಡಿಕೊಳ್ಳುವ ಮೇಟಿ ಒಳ್ಳೆಯ ಮನುಷ್ಯ. ಊಟಕ್ಕೆ ಅನ್ನ, ಸಾರು, ಹಪ್ಪಳ, ಮಾವಿನಕಾಯಿ ಅಪ್ಪೆಹುಳಿ. ದೊಡ್ಡಪ್ಪ ಅಪ್ಪೆಹುಳಿಯನ್ನು ಮೂರು ಲೋಟ ಕುಡಿದರು. ಆಮೇಲೆ ಮುಂದಿನ ಕೋಣೆಗೆ ಹೋಗಿ ಒಂದೊಂದನ್ನೇ ಮುಟ್ಟಿ ನೋಡಿದರು. ಕಿಟಕಿಯ ಹಿತ್ತಾಳೆ ಚಿಲಕ, ಗೋಡೆಯ ದಪ್ಪ, ಮಾಡಿನ ಜಂತಿ. "ಬೀಟೆ ಅಲ್ಲ, ಸಾಗುವಾನಿ" ಅಂದರು. ಬೇಲಿ ಆಚೆಯಿಂದ ನೋಡಿ ಇದೆಲ್ಲಾ ಬೀಟೆ ಅಂದುಕೊಂಡಿದ್ದರಂತೆ. ಸ್ವಲ್ಪ ಬೇಜಾರೇ ಆದ ಹಾಗಿತ್ತು.

ರಾತ್ರಿ ಒಂಬತ್ತಾಗಿರಬೇಕು. ದೊಡ್ಡಪ್ಪ ಮಂಚದ ಮೇಲೆ ಕಾಲು ಚಾಚಿದ್ದರು. ಹೊರಗೆ ಜೀಪು ನಿಂತ ಸದ್ದು. ಮೇಟಿ ಕೈ ಉಜ್ಜಿಕೊಳ್ಳುತ್ತಾ ಬಂದ. "ಸಾಹೇಬ್ರು ಬಂದಿದಾರೆ ಸಾರ್, ಫೋನೇ ಮಾಡಿರಲಿಲ್ಲ. ನೀವು ಒಂಚೂರು ಹಿಂದಿನ ಕೋಣೆಗೆ..." ಯಾವ ಸಾಹೇಬರು, ಯಾವ ಇಲಾಖೆ ಅಂತ ಕೇಳಬೇಡಿ. ನಾನು ರಸೀದಿ ಹಿಡಿದು ಜಗಳಕ್ಕೆ ನಿಂತೆ. ದೊಡ್ಡಪ್ಪ ಮಾತ್ರ ಆಗಲೇ ಎದ್ದು ಚಾದರ ಮಡಚುತ್ತಿದ್ದರು.

"ಬಿಡು ತಮ್ಮಾ. ಈ ಊರಲ್ಲಿ ನನ್ನನ್ನ ಎಬ್ಬಿಸಿದ್ದು ಇದು ಎರಡನೇ ಸಲ. ಮೊದಲ ಸಲಕ್ಕಿಂತ ವಾಸಿ. ಇವರು ಬಾಯಲ್ಲಾದರೂ ಕೇಳಿದ್ರು."

ಮೇಟಿ ನಕ್ಕ, ಆಮೇಲೆ ನಗಬಾರದಿತ್ತೇನೋ ಅಂತ ಸುಮ್ಮನಾದ. ಹಿಂದಿನ ಕೋಣೆಗೆ ಬಚ್ಚಲೊಲೆಯ ಹೊಗೆ ಬರುತ್ತಿತ್ತು. ಕಿಟಕಿ ತೆಗೆದರೆ ಹಿತ್ತಲಿನ ಗೋಡೆ. ನನಗೆ ನಿದ್ದೆ ಬರಲಿಲ್ಲ, ದೊಡ್ಡಪ್ಪನ ಗೊರಕೆ ನಿಲ್ಲಲಿಲ್ಲ.

ಬೆಳಿಗ್ಗೆ ಆರಕ್ಕೆಲ್ಲಾ ಅವರು ನನ್ನನ್ನು ಎಬ್ಬಿಸಿಕೊಂಡು ಕೆಳಗಿಳಿದರು. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕಾಲಿಟ್ಟಲ್ಲೆಲ್ಲ ಚಿಪ್ಪು ಪುಡಿಯಾಗುವ ಸದ್ದು. ಆರು ದಶಕ ನೀರಲ್ಲಿದ್ದರೂ ಬೊಡ್ಡೆಗಳು ಗಟ್ಟಿಯಾಗೇ ಇದ್ದವು. ಬರಗಾಲ ಬಂದರೆ ಇಲ್ಲಿ ಹಳೆಯದೆಲ್ಲ ಮೇಲೆ ಏಳುತ್ತದೆ. ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟೂ ಹಾಗೇ. ಜೋಗದ ಮೊದಲ ಪವರ್ ಹೌಸಿಗೆ ಅಂತ ಕಟ್ಟಿದ್ದು, 1948ರಲ್ಲಿ ಮುಗಿದದ್ದು. ಲಿಂಗನಮಕ್ಕಿ ಬಂದು ಅದನ್ನೂ ನುಂಗಿತು. ಊರು ಮುಳುಗಿಸಿದ ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ಮುಳುಗಿಸಿತು ಅನ್ನುವುದು ದೊಡ್ಡಪ್ಪನ ಮೆಚ್ಚಿನ ಮಾತು. ಹೇಳುವಾಗ ಸ್ವಲ್ಪ ಖುಷಿಯೂ ಇರುತ್ತದೆ.

ಅವರು ಹುಡುಕುತ್ತಿದ್ದದ್ದು ಮನೆಯನ್ನಲ್ಲ, ಒಂದು ಮೋರಿಯನ್ನು. ಮನೆ ಮಣ್ಣಿನದು, ಎಂದೋ ಕರಗಿರುತ್ತದೆ ಅಂತ ಅವರಿಗೆ ಗೊತ್ತಿತ್ತು. ಮೋರಿ ಸಿಕ್ಕಿತು. ಜಂಬಿಟ್ಟಿಗೆ ಕಲ್ಲಿನದು, ಒಂದು ಪಕ್ಕದ ಕಟ್ಟೆ ಪೂರ್ತಿ ಉಳಿದಿತ್ತು. ಅದರ ಎರಡೂ ಕಡೆ ಹಳೇ ರಸ್ತೆ ಚೂರು ಚೂರೇ ಕಾಣುತ್ತಿತ್ತು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡರು. ಬಸ್ಸಿಗೆ ಕಾಯುತ್ತಿದ್ದದ್ದು ಇಲ್ಲೇ ಅಂತೆ. ಇಲ್ಲಿಂದ ಬಲಕ್ಕೆ ಶೆಟ್ಟರ ಅಂಗಡಿ, ಎಡಕ್ಕೆ ಭೂತಪ್ಪನ ಕಟ್ಟೆ. ನನಗೆ ಕಂಡದ್ದು ಮೇಯುತ್ತಿದ್ದ ನಾಲ್ಕು ದನ ಮಾತ್ರ. ನಾನು ಮೇಲೆ ತಿರುಗಿ ನೋಡಿದೆ. ಬಂಗಲೆಯ ಜಗುಲಿಯಲ್ಲಿ ಸಾಹೇಬರು ಉದ್ದ ಕೈಯ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಾ ಇತ್ತಲೇ ನೋಡುತ್ತಿದ್ದರು. ಅಷ್ಟು ದೂರದಿಂದ ನಾವು ಅವರಿಗೆ ಆ ನೋಟದ ಭಾಗವೇ ಆಗಿದ್ದಿರಬೇಕು.

ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ಕೋಣೆ ಬಾಡಿಗೆಗೆ ಬಿಡುವವರು ಈ ನೀರು ಎಲ್ಲಿಂದ ಬಂತು ಅಂತ ಗೋಡೆಯ ಮೇಲೆ ಎರಡು ಸಾಲು ಬರೆಸಿಲ್ಲವಲ್ಲ, ಅದಕ್ಕೆ. ಯಾವ ಸಾಹೇಬರು ಯಾವಾಗ ಉದ್ಘಾಟಿಸಿದರು ಅನ್ನುವ ಕಲ್ಲು ಮಾತ್ರ ಇದೆ. ಇದೇ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವಾಟ್ ಕರೆಂಟು ಮಾಡಬಹುದು. ದೊಡ್ಡಪ್ಪನ ಮನೆಗೆ ಲೈಟು ಬಂದದ್ದು ಅವರ ಮದುವೆಯಾಗಿ ಎಷ್ಟೋ ವರ್ಷದ ಮೇಲೆ.

ಹೊರಡುವಾಗ ಮೇಟಿ ಪುಸ್ತಕ ತಂದ. ದುಡ್ಡು ಮೊದಲೇ ಕಟ್ಟಿತ್ತು, ಸಹಿ ಮಾಡಿದರೆ ಮುಗಿಯಿತು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ದರಪಟ್ಟಿ ಓದಿದರು. ಮುಂದಿನ ಕೋಣೆಗೂ ಹಿಂದಿನದಕ್ಕೂ 300 ರೂಪಾಯಿ ವ್ಯತ್ಯಾಸ.

"ನಾವು ಮಲಗಿದ್ದು ಹಿಂದೆ."

"ಅದು ಆಫೀಸಿಗೆ ಬರೆದು ಕೊಡಬೇಕು ಸಾರ್, ಆಮೇಲೆ..."

"ಬರೆದು ಕೊಟ್ಟು ಕಾದದ್ದು ಒಂದು ಸಲ ಸಾಕು ಮಾರಾಯ."

ಮೇಟಿ ಒಳಗೆ ಹೋದ. ಸಾಹೇಬರ ಹತ್ತಿರ ಏನು ಹೇಳಿದನೋ, ಅವರೇ ಕೊಟ್ಟರೋ, ಹೊರಗೆ ಬಂದಾಗ ಕೈಯಲ್ಲಿ ನೂರರ ಮೂರು ನೋಟು ಇತ್ತು. ದೊಡ್ಡಪ್ಪ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಜೇಬಿಗಿಟ್ಟರು.

"ಇನ್ನು ಇದಕ್ಕೊಂದು ರಸೀದಿ ಕೊಡ್ತೀಯಲ್ಲ?"