ಲವಿಂಗ್ ಕೌಂಟಿಯ 64 ಚುಕ್ಕಿಗಳು ಕೊನೆಗೂ ಮನೆ ಸೇರಿದವು

ಅಂತೂ ದಾರಿ ಸಿಕ್ಕಿತು! ಪ್ಲೈವುಡ್ ಮೇಲೆ ಲೇಸರ್‌ನಿಂದ ಕೊರೆಸುತ್ತಿರುವ ನನ್ನ ಚುಕ್ಕಿನಕ್ಷೆಯಲ್ಲಿ, ಟೆಕ್ಸಾಸಿನ ಲವಿಂಗ್ ಕೌಂಟಿಯ (ಕೌಂಟಿ ಎಂದರೆ ಅಲ್ಲಿನ ಜಿಲ್ಲೆ) ಜನ ಈಗ ಇರಬೇಕಾದ ಕಡೆ ಇದ್ದಾರೆ. ಶೇಪ್‌ಫೈಲ್ (ಗಡಿಗಳಿರುವ ನಕ್ಷೆ ಕಡತ) ಇಳಿಸಿಕೊಂಡದ್ದು, ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಸಪಾಟು ನಕ್ಷೆಗೆ ಇಳಿಸುವ ಲೆಕ್ಕ) ಹೊಂದಿಸಿದ್ದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಡಿ.

ತಲೆ ತಿಂದದ್ದು 2020ರ ಜನಗಣತಿಯ ಪದರ. ಹಳೆಯ ಗಣತಿಗಳನ್ನು ನಕ್ಷೆಯ ಪಕ್ಕದಲ್ಲಿ ಕಂಬಗಳಾಗಿ ನಿಲ್ಲಿಸಿದ್ದೇನೆ: 1900ಕ್ಕೆ 33, 1940ಕ್ಕೆ 285, 2010ಕ್ಕೆ 82. 2020ರ 64 ಜನರಿಗೆ ಮಾತ್ರ ಒಬ್ಬರಿಗೊಂದು ಚುಕ್ಕಿ, ಬ್ಲಾಕ್ (ಗಣತಿಯ ಅತಿ ಚಿಕ್ಕ ತುಂಡು ಜಾಗ) ಲೆಕ್ಕದಲ್ಲಿ. ಕ್ಯುಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದು ನೋಡಿದರೆ ಮನೆಯೇ ಇಲ್ಲದ ಬಯಲಲ್ಲಿ ಜನ! ಕೆಳಗೆ ಉಪಗ್ರಹ ಚಿತ್ರ ಹಾಸಿದೆ. ಚುಕ್ಕಿಯ ಸುತ್ತ ಕುರುಚಲು ಗಿಡ, ಎಣ್ಣೆಬಾವಿಗಳ ಬಿಳಿ ಚೌಕಗಳು, ಅಷ್ಟೇ. ಎಣ್ಣೆ ಕೆಲಸಗಾರರಿರಬಹುದೇ ಎಂದುಕೊಂಡರೆ, ಅವರಲ್ಲಿ ಬಹುಪಾಲು ಜನರ ಎಣಿಕೆ ಅವರವರ ಊರಲ್ಲೇ ಆಗುತ್ತದೆ.

ಕಾರಣ ಗಣತಿ ಇಲಾಖೆಯ ಹೊಸ ಪದ್ಧತಿ. ಯಾರ ಗುರುತೂ ಪತ್ತೆಯಾಗಬಾರದೆಂದು 2020ರಲ್ಲಿ ಅಂಕಿಗಳಿಗೆ ಬೇಕೆಂದೇ ‘ಗದ್ದಲ’ (ಮನಬಂದಂತೆ ಸಣ್ಣ ಹೆಚ್ಚುಕಡಿಮೆ) ಬೆರೆಸಿದ್ದಾರೆ. ರಾಜ್ಯದ ಒಟ್ಟು ಜನಸಂಖ್ಯೆ ಮುಟ್ಟಿಲ್ಲ. ಕೌಂಟಿ, ಬ್ಲಾಕ್ ಅಂಕಿಗಳು ತುಸು ಆಚೀಚೆ. ದೊಡ್ಡ ಊರಲ್ಲಿ ಇದು ಗೊತ್ತೇ ಆಗುವುದಿಲ್ಲ, ಲವಿಂಗ್‌ನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಆದರೂ ನನ್ನ ಮತ ಇಲಾಖೆಗೇ. ಅರವತ್ತು ಚಿಲ್ಲರೆ ಜನರಿರುವ ಕಡೆ ವಯಸ್ಸು, ಜನಾಂಗ ಎರಡು ಹೇಳಿದರೆ ಆಳು ಯಾರೆಂದು ತಿಳಿದುಬಿಡುತ್ತದೆ.

ಬಿಡಿಸಿದ ಕೀಲಿ ಇದು: ಪ್ರತಿ ಬ್ಲಾಕಿನ ಮನೆಗಳ ಸಂಖ್ಯೆಗೆ ಅವರು ಗದ್ದಲ ಬೆರೆಸಿಲ್ಲ. ಒಟ್ಟು 64 ಇಟ್ಟುಕೊಂಡು, ಚುಕ್ಕಿಗಳನ್ನು ಮನೆಗಳ ಪ್ರಮಾಣದಲ್ಲಿ ಹಂಚಿದೆ. ತಕ್ಷಣ ಮೆಂಟೋನ್ ಊರು ತುಂಬಿಕೊಂಡಿತು, ಬಯಲು ಬರಿದಾಯಿತು. ಖಾಲಿ ಮನೆಗಳೂ ಲೆಕ್ಕದಲ್ಲಿ ಸೇರುವುದರಿಂದ ನಕ್ಷೆಯ ಮೂಲೆಯಲ್ಲಿ ‘ಅಂದಾಜು’ ಎಂದು ದಪ್ಪಗೆ ಕೆತ್ತಿಸುತ್ತೇನೆ.

ಈ ಕೌಂಟಿಯ ಚರಿತ್ರೆಯೂ ಹೀಗೇ ಜಾರುವಂಥದ್ದು. 1887ರಲ್ಲಿ ಗಡಿ ಹಾಕಿದರು. 1893ರಲ್ಲಿ ನೀರಾವರಿ ಕಂಪನಿಯ ಮಂದಿ ಆಡಳಿತ ಕಟ್ಟಿಸಿದರು, ಅದರಲ್ಲಿ ಮೋಸ ಬಯಲಾಗಿ 1897ರಲ್ಲಿ ರದ್ದಾಗಿ ಪಕ್ಕದ ರೀವ್ಸ್ ಕೌಂಟಿಗೆ ಸೇರಿತು. ಆಮೇಲೆ ಎಣ್ಣೆ ಸಿಕ್ಕಿತು, 1931ರಲ್ಲಿ ಮತ್ತೆ ಆಡಳಿತ ಬಂತು. ಹೀಗೆ ಎರಡು ಸಲ ಸಂಘಟನೆಯಾದ ಕೌಂಟಿ ಇದು. ಆ ಮಧ್ಯದ ಕಂಬಗಳಿಗೆ ಬೇರೆ ಬಣ್ಣ ಕೊಟ್ಟಿದ್ದೇನೆ.

ಇನ್ನು ಪ್ಲೈವುಡ್ ಪುರಾಣ. ಮೂರು ಮಿಲಿಮೀಟರ್ ಬರ್ಚ್ ಹಾಳೆ ಕೇಳಿದ್ದೆ. ಬಂದದ್ದು ಹಪ್ಪಳದಂತೆ ಸೊಟ್ಟಗಾಗಿತ್ತು, ಒಂದು ಅಂಚು ದಪ್ಪ ಬೇರೆ. ಫೋಕಸ್ ತಪ್ಪಿ ಲೇಸರ್ ಅರ್ಧ ಕೊರೆದು ನಿಂತಿತು. ಅಂಗಡಿಯವರನ್ನು ಕೇಳಿದರೆ “ಮಳೆಗಾಲ ಸಾರ್, ಹಂಗೇ” ಅನ್ನುತ್ತಾರೆ. ದುಡ್ಡು ಮಾತ್ರ ಬೇಸಿಗೆಯದ್ದೇ!

ಮುಂದಿನದು ಹವಾಯಿಯ ಕಲವಾವೋ ಕೌಂಟಿ, 2020ರಲ್ಲಿ 82 ಜನ. 1866ರಿಂದ ಕುಷ್ಠರೋಗಿಗಳನ್ನು ಬಲವಂತವಾಗಿ ಒಯ್ದು ಬಿಡುತ್ತಿದ್ದ ಜಾಗ. ಆ ಕಾನೂನು ಹೋದದ್ದು 1969ರಲ್ಲಿ. ಬಿಡುಗಡೆ ಸಿಕ್ಕ ಮೇಲೂ ಹಲವರು ಅಲ್ಲೇ ಉಳಿದರು. ಒಂದು ಕಡೆ ಕಡಿದಾದ ಬಂಡೆಗೋಡೆ, ಉಳಿದ ಕಡೆಯೆಲ್ಲ ಸಮುದ್ರ. ಅದನ್ನು ಪದರದ ಮೇಲೆ ಪದರ ಅಂಟಿಸಿಯೇ ಎಬ್ಬಿಸಬೇಕು, ಹಾಳೆ ಬಹಳ ಬೇಕು. ಸಪಾಟಾದ ಪ್ಲೈ ಎಲ್ಲಿ ಸಿಗುತ್ತದೆಂದು ಗೊತ್ತಿದ್ದವರು ದಯವಿಟ್ಟು ಹೇಳಿ.