ಇಷ್ಟು ಚಿಕ್ಕ ಮನೆಯಲ್ಲಿ ಮೂರು ಸೈಕಲ್‌ಗಳನ್ನು ಎಲ್ಲಿಡುತ್ತೀರಿ?

ಮೊದಲ ಸಲ ಮನೆಗೆ ಬಂದವರು ಚಪ್ಪಲಿ ಬಿಡುವ ಹೊತ್ತಿಗೇ ಈ ಪ್ರಶ್ನೆಯನ್ನು ಕೇಳಿಬಿಡುತ್ತಾರೆ. ಕೆಲವರಿಗೆ ಅದು ಬೆರಗು, ಕೆಲವರಿಗೆ ನಮ್ಮ ಮೇಲಿನ ಕನಿಕರ. ಇನ್ನು ಕೆಲವರಿಗೆ ತಮ್ಮ ಮನೆಯಲ್ಲೂ ಇಂಥದೇ ಇಕ್ಕಟ್ಟು ಇರುವುದರಿಂದ ನಿಜವಾಗಿಯೂ ಉತ್ತರ ಬೇಕಾಗಿರುತ್ತದೆ. ನಮ್ಮದು ಮೂರನೆಯ ಮಹಡಿಯಲ್ಲಿರುವ, ಒಂದೇ ಮಲಗುವ ಕೋಣೆಯ, ಸುಮಾರು 450 ಚದರ ಅಡಿಯ ಅಪಾರ್ಟ್‌ಮೆಂಟ್. ಇಬ್ಬರು ಮನುಷ್ಯರು ಮತ್ತು ಮೂರು ಸೈಕಲ್‌ಗಳ ಸಂಸಾರ. ನಾನು ದಿನವೂ ಕೆಲಸಕ್ಕೆ ಒಯ್ಯುವ, ಮಡ್‌ಗಾರ್ಡು ಕ್ಯಾರಿಯರುಗಳಿರುವ 16 ಕಿಲೋ ತೂಕದ ಗಟ್ಟಿ ಸೈಕಲ್ ಒಂದು. ವಾರಕ್ಕೊಮ್ಮೆ ದೂರ ಹೋಗುವುದಕ್ಕೆಂದು ಇಟ್ಟುಕೊಂಡ 9 ಕಿಲೋದ ರೋಡ್ ಬೈಕ್ ಇನ್ನೊಂದು. ಹೆಂಡತಿಯ ಮಡಚುವ ಸೈಕಲ್ ಮೂರನೆಯದು. ಮೊದಲನೆಯದು ಬಾಗಿಲ ಪಕ್ಕದಲ್ಲಿ ನೆಲದ ಮೇಲೆಯೇ ನಿಲ್ಲುತ್ತದೆ, ಎರಡನೆಯದು ಗೋಡೆಯ ಕೊಕ್ಕೆಯಿಂದ ತೂಗುತ್ತದೆ, ಮೂರನೆಯದು ಬರೆಯುವ ಮೇಜಿನ ಕೆಳಗೆ ಕೂರುತ್ತದೆ. ಚಿಕ್ಕ ಉತ್ತರ ಇಷ್ಟೇ. ಆದರೆ ಯಾವುದು ಎಲ್ಲಿ ಎಂಬುದನ್ನು ಹೀಗೆ ನಿರ್ಧರಿಸುವುದಕ್ಕೆ ನಮಗೆ ಎರಡು ವರ್ಷ ಹಿಡಿಯಿತು, ಆ ಎರಡು ವರ್ಷಗಳಲ್ಲಿ ಮಾಡಿದ ತಪ್ಪುಗಳೇ ಈ ಉತ್ತರದ ಹೆಚ್ಚಿನ ಭಾಗ.

ಎಲ್ಲರೂ ಸೈಕಲ್ ಇಡುವ ಜಾಗದ ಬಗ್ಗೆ ಯೋಚಿಸುತ್ತಾರೆ; ನಾನೂ ಹಾಗೆಯೇ ಶುರುಮಾಡಿದ್ದೆ. ಯೋಚಿಸಬೇಕಾದದ್ದು ಅಲ್ಲಿಂದ ತೆಗೆಯುವುದರ ಬಗ್ಗೆ. ಮೊದಲು ನಾನು ದಿನಬಳಕೆಯ ಸೈಕಲ್ಲನ್ನೇ ಹಗ್ಗ ಮತ್ತು ರಾಟೆಯಿಂದ ಸೂರಿಗೆ ಎತ್ತಿ ಕಟ್ಟುವ ವ್ಯವಸ್ಥೆ ಮಾಡಿಕೊಂಡೆ. ಚಿತ್ರದಲ್ಲಿ ಅದು ಬಹಳ ಚೆನ್ನಾಗಿ ಕಾಣುತ್ತದೆ. ಲೆಕ್ಕ ಮಾತ್ರ ಬೇರೆಯೇ ಹೇಳುತ್ತದೆ: ನೆಲದಿಂದ ಸೂರಿಗೆ 270 ಸೆಂಟಿಮೀಟರ್, ಸೈಕಲ್ಲಿನ ಎತ್ತರ ಸುಮಾರು 105, ರಾಟೆ ಮತ್ತು ಅದರ ಕೊಕ್ಕೆಗಳಿಗೆ ಇನ್ನೊಂದು 15, ಅಂದರೆ ಚಕ್ರದ ತಳ ನೆಲದಿಂದ 150 ಸೆಂಟಿಮೀಟರ್ ಎತ್ತರದಲ್ಲಿ, ಸರಿಯಾಗಿ ನನ್ನ ಗದ್ದದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಓಡಾಡುವ ದಾರಿಯ ಮೇಲೆ ಅದನ್ನು ಕಟ್ಟುವಂತಿಲ್ಲ, ಮಂಚದ ಮೇಲೋ ಮೇಜಿನ ಮೇಲೋ ಕಟ್ಟಬೇಕು. ಅಲ್ಲಿ ಕಟ್ಟಿದರೆ ಇಳಿಸುವಾಗಲೆಲ್ಲ ಮೇಜನ್ನು ಸರಿಸಬೇಕು. ನಾನು ಮೇಜು ಸರಿಸಿ, ಹಗ್ಗ ಬಿಚ್ಚಿ, ತೂಗಾಡುವ ಹ್ಯಾಂಡಲ್ಲನ್ನು ಒಂದು ಕೈಯಲ್ಲಿ ಹಿಡಿದು ಸೈಕಲ್ ಇಳಿಸುತ್ತ ಮೂರು ವಾರ ಕಳೆದೆ. ನಾಲ್ಕನೆಯ ವಾರದಿಂದ ಬಸ್ಸಿನಲ್ಲಿ ಹೋಗತೊಡಗಿದೆ. ಸೈಕಲ್ ಕ್ಷೇಮವಾಗಿ ಸೂರಿನಲ್ಲೇ ಇತ್ತು.

ಆಮೇಲೆ ಮಾಡಿಕೊಂಡ ನಿಯಮವೆಂದರೆ, ದಿನವೂ ಬೇಕಾಗುವ ಸೈಕಲ್ ಬಾಗಿಲಿಗೆ ಹತ್ತಿರ, ನೆಲದ ಮೇಲೆ, ಏನನ್ನೂ ಸರಿಸದೆ ಕೈಗೆ ಸಿಗುವಂತಿರಬೇಕು; ಅದಕ್ಕಾಗಿ ಚಪ್ಪಲಿಯ ಗೂಡನ್ನು ಬೇರೆಡೆಗೆ ಸಾಗಿಸಬೇಕಾಗಿ ಬಂದರೂ ಸರಿ. ವಾರಕ್ಕೊಮ್ಮೆ ಬೇಕಾಗುವುದನ್ನು ನೇತುಹಾಕಬಹುದು. ತಿಂಗಳಿಗೊಮ್ಮೆ ಬೇಕಾಗುವುದನ್ನು ಬಿಚ್ಚಿಯೂ ಇಡಬಹುದು.

ಇನ್ನು ಅಳತೆಯ ಮಾತು. ಜನ ಸೈಕಲ್ಲಿನ ಉದ್ದಕ್ಕೆ ಹೆದರುತ್ತಾರೆ. ದೊಡ್ಡವರ ಸೈಕಲ್ ಸಾಮಾನ್ಯವಾಗಿ 165ರಿಂದ 180 ಸೆಂಟಿಮೀಟರ್ ಉದ್ದವಿರುತ್ತದೆ, ಅಷ್ಟು ಉದ್ದದ ಖಾಲಿ ಗೋಡೆ ಎಂಥ ಮನೆಯಲ್ಲೂ ಎಲ್ಲಾದರೊಂದು ಕಡೆ ಸಿಗುತ್ತದೆ. ತೊಂದರೆ ಕೊಡುವುದು ಅಗಲ. ನೇರವಾದ ಹ್ಯಾಂಡಲ್ 60ರಿಂದ 78 ಸೆಂಟಿಮೀಟರ್‌ವರೆಗೂ ಚಾಚಿಕೊಂಡಿರುತ್ತದೆ. ಕೆಳಕ್ಕೆ ಬಾಗಿದ ರೋಡ್ ಬೈಕಿನ ಹ್ಯಾಂಡಲ್ 40ರಿಂದ 44ರಷ್ಟಿರುತ್ತದೆ. ಇದಾದ ಮೇಲೆ ಪೆಡಲ್‌ಗಳು. ರಾತ್ರಿ ನೀರು ಕುಡಿಯಲು ಎದ್ದವರ ಮೊಣಕಾಲಿನ ಕೆಳಗಿನ ಮೂಳೆಗೆ ಬಡಿಯುವುದು ಯಾವಾಗಲೂ ಪೆಡಲ್ಲೇ.

ಹಾಗಾಗಿ ಹ್ಯಾಂಡಲ್ ಮತ್ತು ಪೆಡಲ್ ಎರಡನ್ನೂ ನಿಭಾಯಿಸಿದರೆ ಸೈಕಲ್ ಒಂದು ತೆಳ್ಳನೆಯ ವಸ್ತುವಾಗುತ್ತದೆ. ಪೆಡಲ್ ಬಿಚ್ಚುವುದಕ್ಕೆ 15 ಮಿಲಿಮೀಟರಿನ ತೆಳು ಸ್ಪ್ಯಾನರ್ ಸಾಕು. ಕೆಲವಕ್ಕೆ ಒಳಗಿನಿಂದ 6 ಅಥವಾ 8 ಮಿಲಿಮೀಟರಿನ ಅಲೆನ್ ಕೀ ಬೇಕಾಗುತ್ತದೆ. ಬಲಗಡೆಯ ಪೆಡಲ್ ಮಾಮೂಲಿ ಬೋಲ್ಟಿನಂತೆ ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚುತ್ತದೆ, ಎಡಗಡೆಯದು ಅದಕ್ಕೆ ವಿರುದ್ಧ. ತುಳಿಯುತ್ತ ತುಳಿಯುತ್ತ ತಾನಾಗಿಯೇ ಸಡಿಲವಾಗದಿರಲಿ ಎಂದು ಎಡಗಡೆಯ ತಿರುಪನ್ನು ಉಲ್ಟಾ ಮಾಡಿರುತ್ತಾರೆ. ಇದು ತಿಳಿಯದೆ ಬಿಚ್ಚುತ್ತಿದ್ದೇನೆ ಎಂದುಕೊಂಡು ಮೈಯೆಲ್ಲ ಬಲ ಹಾಕಿ ಬಿಗಿಮಾಡುತ್ತ ಕೂತವರನ್ನು ನಾನು ಬಲ್ಲೆ, ಅವರಲ್ಲಿ ನಾನೂ ಒಬ್ಬ. ನೆನಪಿಟ್ಟುಕೊಳ್ಳಲು ಸುಲಭದ ದಾರಿಯೆಂದರೆ, ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರುವಂತೆ ಕೂರಿಸಿ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್‌ಗಳು ಬಿಚ್ಚಿಕೊಳ್ಳುತ್ತವೆ. ಮತ್ತೆ ಹಾಕುವಾಗ ತಿರುಪಿಗೆ ಸ್ವಲ್ಪ ಗ್ರೀಸ್ ಸವರದಿದ್ದರೆ ಮುಂದಿನ ಸಲ ಅದು ಬರುವುದಿಲ್ಲ. ಗೋಡೆಯ ಕಡೆಯ ಪೆಡಲ್ಲೊಂದನ್ನು ಬಿಚ್ಚಿ, ಹ್ಯಾಂಡಲ್ಲಿನ ಕುತ್ತಿಗೆಯ ಹಿಂಬದಿಯಲ್ಲಿರುವ ಎರಡು ಬೋಲ್ಟುಗಳನ್ನು ಸಡಿಲಿಸಿ, ಮುಂದಿನ ಚಕ್ರ ನೇರವಾಗಿಯೇ ಇರುವಂತೆ ಹ್ಯಾಂಡಲ್ಲನ್ನು ಮಾತ್ರ ಕಾಲು ಸುತ್ತು ತಿರುಗಿಸಿದರೆ ಇಡೀ ಸೈಕಲ್ ಗೋಡೆಯಿಂದ ಒಂದಡಿಗಿಂತ ಈಚೆಗೆ ಬರುವುದಿಲ್ಲ. ತಲೆಯ ಮೇಲಿರುವ ಮುಚ್ಚಳದ ಬೋಲ್ಟನ್ನು ಮುಟ್ಟಬಾರದು. ಅದು ಒಳಗಿನ ಬೇರಿಂಗುಗಳ ಬಿಗಿಗೆ ಸಂಬಂಧಿಸಿದ್ದು. ಮತ್ತೆ ಓಡಿಸುವ ಮುನ್ನ ಬೋಲ್ಟುಗಳನ್ನು ಬಿಗಿದು, ಮುಂದಿನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ಲನ್ನು ತಿರುಚಿ ನೋಡಲೇಬೇಕು. ಇದು ತಿಂಗಳುಗಟ್ಟಲೆ ಇಡುವ ಸೈಕಲ್ಲಿಗೆ ಹೇಳಿದ ಉಪಾಯ. ದಿನವೂ ಇದನ್ನು ಮಾಡುತ್ತೇನೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ನೇತುಹಾಕುವ ವಿಷಯಕ್ಕೆ ಬಂದರೆ, ಅತಿ ಕಡಿಮೆ ಗೋಡೆಯನ್ನು ಬಳಸುವುದು ಮುಂದಿನ ಚಕ್ರವನ್ನು ಕೊಕ್ಕೆಗೆ ಸಿಕ್ಕಿಸಿ ಸೈಕಲ್ಲನ್ನು ಲಂಬವಾಗಿ ತೂಗುಹಾಕುವ ಕ್ರಮ. ಕೊಕ್ಕೆಯ ಎತ್ತರವನ್ನು ಊಹೆಯಿಂದ ಗೊತ್ತುಮಾಡಬಾರದು. ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ಗೋಡೆಗೆ ತಾಗಿಸಿ ನಿಲ್ಲಿಸಿ, ಮೇಲಿರುವ ಚಕ್ರದ ರಿಮ್ಮಿನ ಒಳಬದಿ ಎಲ್ಲಿಗೆ ಬರುತ್ತದೆಂದು ಪೆನ್ಸಿಲಿನಿಂದ ಗುರುತು ಹಾಕಿ, ಅದಕ್ಕಿಂತ ಹತ್ತು ಸೆಂಟಿಮೀಟರ್ ಮೇಲೆ ಕೊಕ್ಕೆ ಹಾಕಬೇಕು. ನನ್ನ ರೋಡ್ ಬೈಕಿಗೆ ಇದು ನೆಲದಿಂದ 172 ಸೆಂಟಿಮೀಟರ್ ಬಂತು. ಹೀಗಿದ್ದರೆ ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ಎಬ್ಬಿಸಿ ನಿಲ್ಲಿಸಿ, ಕೊನೆಯಲ್ಲಿ ಒಂದು ಗೇಣಿಗಿಂತ ಕಡಿಮೆ ಎತ್ತಿದರೆ ಸಾಕು. ಇದರ ದೋಷವೆಂದರೆ ಹ್ಯಾಂಡಲ್ ಗೋಡೆಯಿಂದ ಸುಮಾರು ಒಂದು ಮೀಟರ್ ಈಚೆಗೆ ಬರುತ್ತದೆ. ಸೈಕಲ್ಲನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಡಚಬಹುದಾದ, ತಿರುಗುವ ಕೊಕ್ಕೆಗಳು ಸಿಗುತ್ತವೆ, ಚಿಕ್ಕ ಮನೆಗೆ ಅವೇ ಸರಿ. ಎರಡು ಸೈಕಲ್‌ಗಳನ್ನು ಅಕ್ಕಪಕ್ಕ ತೂಗುಹಾಕುವುದಾದರೆ ಒಂದರ ಮುಂದಿನ ಚಕ್ರ, ಇನ್ನೊಂದರ ಹಿಂದಿನ ಚಕ್ರ ಮೇಲೆ ಬರಲಿ. ಹ್ಯಾಂಡಲ್‌ಗಳು ಬೇರೆಬೇರೆ ಎತ್ತರಕ್ಕೆ ಹೋಗುವುದರಿಂದ ಎರಡರ ನಡುವೆ 40 ಸೆಂಟಿಮೀಟರ್ ಇದ್ದರೂ ನಡೆಯುತ್ತದೆ.

ಗೋಡೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಮನೆಯ ಮೊದಲ ಕೊಕ್ಕೆ ಒಂದು ರಾತ್ರಿ ಸೈಕಲ್ ಸಮೇತ ಕಿತ್ತು ಬಿತ್ತು. ಅದನ್ನು ಹಾಕಲು ಬಂದವರು ಟೊಳ್ಳು ಇಟ್ಟಿಗೆಯ ಒಳಗೋಡೆಗೆ ಚಿಕ್ಕದೊಂದು ಪ್ಲಾಸ್ಟಿಕ್ ಪ್ಲಗ್ ಹೊಡೆದು ಹೋಗಿದ್ದರು. ಅದರ ಅರ್ಧ ಉದ್ದ ಗಾರೆಯಲ್ಲೇ ಮುಗಿದಿತ್ತು, ಉಳಿದರ್ಧ ಇಟ್ಟಿಗೆಯ ಟೊಳ್ಳಿನಲ್ಲಿ ಏನನ್ನೂ ಹಿಡಿಯದೆ ನಿಂತಿತ್ತು. ಚಪ್ಪಲಿಯ ಗೂಡು ಮುರಿಯಿತು, ಸೈಕಲ್ಲಿನಲ್ಲಿ ಹಿಂದಿನ ಗೇರನ್ನು ಹಿಡಿದಿರುವ ಅಲ್ಯೂಮಿನಿಯಂ ತುಣುಕು ಬಗ್ಗಿತು. ಫ್ರೇಮಿಗೆ ಪೆಟ್ಟಾಗದಂತೆ ತಾನು ಬಗ್ಗುವುದೇ ಆ ತುಣುಕಿನ ಕೆಲಸವಾದ್ದರಿಂದ ನಷ್ಟ ಅಷ್ಟಕ್ಕೇ ನಿಂತಿತು. ಅಂದಿನಿಂದ ನಾನು ಕೊರೆಯುವಾಗ ಬೀಳುವ ಪುಡಿಯನ್ನು ಗಮನಿಸುತ್ತೇನೆ. ಮೊದಲು ಗಾರೆಯ ಪುಡಿ ಸಲೀಸಾಗಿ ಬರುತ್ತದೆ. ಆಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ, ಡ್ರಿಲ್ಲಿಂಗ್ ಮಷಿನ್ ಒಮ್ಮೆಲೇ ತಡವರಿಸಿ ಬೂದು ಬಣ್ಣದ ನುಣ್ಣನೆಯ ಪುಡಿ ಬಂದರೆ ಕಾಂಕ್ರೀಟು, ಏನೂ ತಡೆಯಿಲ್ಲದೆ ಮಷಿನ್ ಒಳಕ್ಕೆ ನುಗ್ಗಿಬಿಟ್ಟರೆ ಅಲ್ಲಿ ಟೊಳ್ಳಿದೆ ಎಂದೇ ಅರ್ಥ. ಕಾಂಕ್ರೀಟಿನಲ್ಲಿ ಆರೇಳು ಸೆಂಟಿಮೀಟರ್ ಆಳಕ್ಕೆ ಕೊರೆದು, ತೂತಿನೊಳಗಿನ ಪುಡಿಯನ್ನು ಪೂರ್ತಿ ಊದಿ ತೆಗೆದು, ಲೋಹದ ಆಂಕರ್ ಬೋಲ್ಟ್ ಹಾಕಿದರೆ ಸೈಕಲ್ಲಿನ ತೂಕ ಅದಕ್ಕೆ ಒಂದು ಲೆಕ್ಕವೇ ಅಲ್ಲ. ಜಿಪ್ಸಮ್ ಹಲಗೆಯ ಗೋಡೆಯಾದರೆ ಹಲಗೆಯನ್ನು ನಂಬದೆ ಅದರ ಹಿಂದಿನ ಚೌಕಟ್ಟಿನ ಕಂಬವನ್ನೇ ಹುಡುಕಬೇಕು. ಗೋಡೆಯ ಮೇಲೆ ಚಿಕ್ಕ ಅಯಸ್ಕಾಂತವನ್ನು ಆಡಿಸಿದರೆ ಸ್ಕ್ರೂಗಳ ಸಾಲು ಅದನ್ನು ತೋರಿಸಿಕೊಡುತ್ತದೆ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೂ ಕೆಳಗೂ ಕೊರೆಯಲೇಬಾರದು.

ಇದರ ಬೆನ್ನಿಗೇ ಬರುವ ಉಪಪ್ರಶ್ನೆ, ಒಂದೇ ಚಕ್ರದಿಂದ ನೇತುಹಾಕಿದರೆ ರಿಮ್ ಸೊಟ್ಟಗಾಗುವುದಿಲ್ಲವೇ ಎಂಬುದು. ಆಗುವುದಿಲ್ಲ. ಚಕ್ರದ ಒಂದೊಂದು ಕಡ್ಡಿಯೂ ಸುಮಾರು ನೂರು ಕಿಲೋದಷ್ಟು ಬಲದಿಂದ ಬಿಗಿದಿರುತ್ತದೆ, ಸವಾರನ ತೂಕವನ್ನು ಹೊತ್ತು ಗುಂಡಿಗಳಿಗೆ ಇಳಿದು ಏಳುವುದು ಅದರ ನಿತ್ಯದ ಕೆಲಸ. ಸೈಕಲ್ಲಿನ ಒಂಬತ್ತು ಹತ್ತು ಕಿಲೋ ಅದಕ್ಕೆ ಭಾರವಲ್ಲ. ಲೋಹದ ಕೊಕ್ಕೆಗೆ ರಬ್ಬರಿನ ಹೊದಿಕೆ ಇರಬೇಕು ಅಷ್ಟೇ. ಕಾರ್ಬನ್ ರಿಮ್ ಆದರೆ ತಯಾರಕರ ಸೂಚನೆಯನ್ನು ಓದಿಕೊಳ್ಳುವುದು ಒಳ್ಳೆಯದು. ನಿಜವಾಗಿ ಗಮನಿಸಬೇಕಾದದ್ದು ಹೈಡ್ರಾಲಿಕ್ ಬ್ರೇಕ್, ಅಂದರೆ ಕೇಬಲ್ಲಿನ ಬದಲು ಕೊಳವೆಯೊಳಗಿನ ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕ್. ಎಣ್ಣೆಯಲ್ಲಿ ಗಾಳಿಯ ಗುಳ್ಳೆಯಿದ್ದರೆ ಲಂಬವಾಗಿ ತೂಗಿದಾಗ ಅದು ಕೊಳವೆಯೊಳಗೆ ಸರಿದು ಬ್ರೇಕ್ ಮೆತ್ತಗಾಗುವುದುಂಟು. ಇಳಿಸಿದ ಮೇಲೆ ನಾಲ್ಕಾರು ಸಲ ಹಿಡಿದು ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸರಿಹೋಗದಿದ್ದರೆ ಗಾಳಿ ತೆಗೆಸಬೇಕು, ಹಾಗೆಯೇ ಹತ್ತಿ ಹೊರಡಬಾರದು.

ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಅನುಮತಿ ಇಲ್ಲದವರಿಗೆ ಗೋಡೆಗೆ ಒರಗಿ ತನ್ನ ಭಾರದಿಂದಲೇ ನಿಲ್ಲುವ ಸ್ಟ್ಯಾಂಡುಗಳಿವೆ. ಎರಡು ಸೈಕಲ್‌ಗಳನ್ನು ಒಂದರ ಮೇಲೊಂದರಂತೆ ಹಿಡಿಯುತ್ತವೆ. ಭಾರದ್ದು ಕೆಳಗೆ ಇರಬೇಕು. ನೆಲಕ್ಕೂ ಸೂರಿಗೂ ನಡುವೆ ಒತ್ತಿ ನಿಲ್ಲಿಸುವ ಕಂಬವೂ ಒಂದಿದೆ, ಆದರೆ ಅದರ ಮೇಲ್ತುದಿಗೆ ಗಟ್ಟಿಯಾದ ಸೂರು ಬೇಕು. ಅಲಂಕಾರದ ಫಾಲ್ಸ್ ಸೀಲಿಂಗ್ ಇದ್ದ ಕಡೆ ಅದನ್ನು ನಿಲ್ಲಿಸುವ ಯೋಚನೆಯನ್ನೇ ಬಿಡಬೇಕು.

ಮಡಚುವ ಸೈಕಲ್ ತೆಗೆದುಕೊಂಡರೆ ಎಲ್ಲ ಮುಗಿಯಿತಲ್ಲ ಎನ್ನುವವರಿದ್ದಾರೆ. ಭಾಗಶಃ ನಿಜ. ಬ್ರಾಂಪ್ಟನ್ ಎಂಬ ಹೆಸರಾಂತ ಮಡಚುವ ಸೈಕಲ್ಲನ್ನು ಆಂಡ್ರ್ಯೂ ರಿಚಿ ಎಂಬ ಎಂಜಿನಿಯರ್ 1970ರ ದಶಕದಲ್ಲಿ ವಿನ್ಯಾಸ ಮಾಡತೊಡಗಿದ್ದೇ ಲಂಡನ್ನಿನ ತಮ್ಮ ಫ್ಲ್ಯಾಟಿನಲ್ಲಿ. ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಆರೆಟರಿ ಎಂಬ ಚರ್ಚಿನ ಹೆಸರನ್ನೇ ಅದಕ್ಕಿಟ್ಟರು. ಅದರ 16 ಇಂಚಿನ ಚಕ್ರಗಳು ಒಳಕ್ಕೆ ಮಡಚಿಕೊಂಡು, ಇಡೀ ಸೈಕಲ್ ಸುಮಾರು 58 ಸೆಂಟಿಮೀಟರ್ ಉದ್ದ, ಅಷ್ಟೇ ಎತ್ತರ, 27 ಸೆಂಟಿಮೀಟರ್ ದಪ್ಪದ ಗಂಟಾಗುತ್ತದೆ. ಹೆಂಡತಿಯದು 20 ಇಂಚಿನ ಚಕ್ರದ್ದು, ಮಡಚಿದ ಮೇಲೂ ಚಿಕ್ಕದೊಂದು ಟ್ರಂಕಿನಷ್ಟಿರುತ್ತದೆ, ಮೇಜಿನ ಕೆಳಗೆ ಹೋಗುತ್ತದೆ, ಆದರೆ ಆಮೇಲೆ ಅಲ್ಲಿ ಕಾಲು ಚಾಚಲು ಆಗುವುದಿಲ್ಲ. ಚಿಕ್ಕ ಚಕ್ರ ಒರಟು ದಾರಿಯ ಪ್ರತಿಯೊಂದು ಕಲ್ಲನ್ನೂ ಮೈಗೆ ಮುಟ್ಟಿಸುತ್ತದೆ ಎಂಬುದನ್ನೂ ಹೇಳಿಬಿಡುವುದು ಪ್ರಾಮಾಣಿಕತೆ.

ಬ್ಯಾಲ್ಕನಿಯಲ್ಲಿ ಏಕೆ ಇಡಬಾರದು? ಇಡಬಹುದು, ಆದರೆ ಬಿಸಿಲಿಗೆ ಟೈರಿನ ಬದಿ ಬಿರುಕು ಬಿಡುತ್ತದೆ, ಇರಚಲಿಗೆ ಚೈನು ಮತ್ತು ಕೇಬಲ್ಲುಗಳು ತುಕ್ಕು ಹಿಡಿಯುತ್ತವೆ, ನೆಲದವರೆಗೂ ಬಿಗಿಯಾಗಿ ಹೊದಿಸಿದ ಪ್ಲಾಸ್ಟಿಕ್ ಒಳಗಿನ ತೇವವನ್ನು ಹೊರಗೆ ಬಿಡದೆ ಮಳೆಗಿಂತ ಹೆಚ್ಚು ಹಾಳುಮಾಡುತ್ತದೆ. ಹೊದಿಕೆಯ ಕೆಳಗೆ ಗಾಳಿಯಾಡಲು ಎಡೆ ಬಿಡಬೇಕು. ಹೊರಗಿನ ಮೊಗಸಾಲೆ ಮತ್ತು ಮೆಟ್ಟಿಲಿನ ಬುಡದ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಉತ್ತರ. ಬೆಂಕಿ ಬಿದ್ದಾಗ ಹೊಗೆಯಲ್ಲಿ ತಡವರಿಸುತ್ತ ಎಲ್ಲರೂ ಇಳಿಯುವ ದಾರಿ ಅದು. ಅಲ್ಲಿ ಅಡ್ಡ ಬಿದ್ದ ಒಂದು ಸೈಕಲ್ ಸಾಕು.

ಬೆಂಕಿಯ ಮಾತು ಬಂದದ್ದರಿಂದ ವಿದ್ಯುತ್ ಸೈಕಲ್ ಇರುವವರಿಗೆ ಎರಡು ಮಾತು. ಬಹುಪಾಲು ವಿದ್ಯುತ್ ಸೈಕಲ್‌ಗಳು 20 ಕಿಲೋ ದಾಟುವುದರಿಂದ ನೇತುಹಾಕುವ ಹಂಬಲ ಬಿಟ್ಟು ನೆಲದ ಮೇಲೇ ಜಾಗ ಮಾಡಬೇಕು. ಲಿಥಿಯಂ ಬ್ಯಾಟರಿಯನ್ನು ಅದರದೇ ಚಾರ್ಜರಿನಿಂದ, ಮನೆಯವರು ಎಚ್ಚರವಿರುವಾಗ, ಹೊರಬಾಗಿಲಿನಿಂದ ದೂರದಲ್ಲಿ ಚಾರ್ಜ್ ಮಾಡಬೇಕು. ಹೊತ್ತಿಕೊಂಡರೆ ಹೊರಗೆ ಓಡುವ ದಾರಿಯೇ ಮುಚ್ಚಿಹೋಗಬಾರದು. ಬಹಳ ದಿನ ಬಳಸದೆ ಇಡುವುದಾದರೆ ಬ್ಯಾಟರಿಯನ್ನು ಪೂರ್ತಿ ತುಂಬದೆ, ಪೂರ್ತಿ ಬರಿದು ಮಾಡದೆ, ಅರ್ಧದ ಆಸುಪಾಸಿನಲ್ಲಿ ತಂಪಾದ ಕಡೆ ಇಡಬೇಕು.

ಕೊಳೆಯ ದೂರು ನ್ಯಾಯವಾದದ್ದೇ. ಟೈರಿನ ರಬ್ಬರಿಗೆ ಕಾರ್ಬನ್ ಬ್ಲ್ಯಾಕ್ ಬೆರೆಸಿರುವುದರಿಂದ ಬಿಳಿ ಗೋಡೆಗೆ ತಾಗಿದಲ್ಲೆಲ್ಲ ಕಪ್ಪು ಗೆರೆ ಮೂಡುತ್ತದೆ, ಒರೆಸಿದರೆ ಹರಡುತ್ತದೆ. ಚಕ್ರ ತಾಗುವ ಎರಡು ಕಡೆ ಅಂಗೈಯಗಲದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೇವೆ. ಚೈನಿಗೆ ಎಣ್ಣೆಯ ಬದಲು ಮೇಣದ ಲೇಪ ಹಾಕತೊಡಗಿದ ಮೇಲೆ ಪರದೆಗೂ ಪ್ಯಾಂಟಿಗೂ ಕರಿ ಮೆತ್ತುವುದು ನಿಂತಿದೆ. ಮೆಟ್ಟಿಲಿನಲ್ಲಿ ಹೊರುವಾಗ ಬಲ ಹೆಗಲಿಗೆ ಏರಿಸಿಕೊಂಡರೆ ಚೈನು ಮೈಯಿಂದ ಆಚೆಗಿರುತ್ತದೆ. ಲಿಫ್ಟಿನಲ್ಲಾದರೆ ಹಿಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ನಿಲ್ಲಿಸಿಕೊಂಡರೆ ಇನ್ನಿಬ್ಬರಿಗೆ ಜಾಗ ಉಳಿಯುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಎಲ್ಲಿಂದ ಶುರುಮಾಡಲಿ ಎನ್ನುವವರಿಗೆ, ಏನನ್ನೂ ಕೊಳ್ಳುವ ಮೊದಲು ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪು ತಂದು, ಸೈಕಲ್ ಆಕ್ರಮಿಸುವ ಜಾಗದಷ್ಟು ಚೌಕವನ್ನು ನೆಲದ ಮೇಲೆ ಅಂಟಿಸಿ, ಅದರೊಳಗೆ ಕಾಲಿಡದೆ ಒಂದು ವಾರ ಬದುಕಿ ನೋಡಿ ಎನ್ನುತ್ತೇನೆ. ಎರಡನೆಯ ಕೊಕ್ಕೆ ಹಾಕುವ ಮೊದಲು ನಾವು ಹಾಗೆಯೇ ಮಾಡಿದೆವು. ನಾನು ಚೌಕ ಅಂಟಿಸಿದ್ದು ಬೀರುವಿನ ಪಕ್ಕದಲ್ಲಿ. ಮೂರನೆಯ ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಹೆಂಡತಿ ಅದನ್ನು ಕಿತ್ತು ಕಾಂಕ್ರೀಟಿನ ಹೊರಗೋಡೆಯ ಕಡೆಗೆ ಎರಡು ಗೇಣು ಸರಿಸಿ ಅಂಟಿಸಿದ್ದಳು, ಏಕೆಂದರೆ ಬೀರುವಿನ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಕೊಕ್ಕೆ ಈಗ ಇರುವುದು ಅಲ್ಲಿಯೇ.