ಶಾಖೆಯ ಸ್ವಿಚ್ಚಿಗೆ ಸರಿಯಾದ ಸಮಯ ಎಲ್ಲಿಂದ ಬರಬೇಕು?

ಶಿವಮೊಗ್ಗದಲ್ಲಿ ಮುಖ್ಯ ಕಚೇರಿಯನ್ನೂ ತೀರ್ಥಹಳ್ಳಿ, ಹೊಸನಗರ, ಸಾಗರಗಳಲ್ಲಿ ಶಾಖೆಗಳನ್ನೂ ಹೊಂದಿರುವ ಒಂದು ಸಹಕಾರಿ ಸಂಘದ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿನ ಸ್ವಿಚ್ಚುಗಳಿಗೆ (ಕಂಪ್ಯೂಟರುಗಳನ್ನು ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆಗಳಿಗೆ) ಎನ್‌ಟಿಪಿ, ಅಂದರೆ ನೆಟ್‌ವರ್ಕ್ ಮೂಲಕ ಗಡಿಯಾರ ಸರಿಪಡಿಸುವ ವ್ಯವಸ್ಥೆ, ಹೊಂದಿಸುವಾಗ ಸರ್ವರ್‌ನ ವಿಳಾಸವೊಂದನ್ನು ಬರೆದು ಮುಗಿಸಿದರೆ ಸಾಲದು, ಸಮಯದ ಆಸರೆ ಶಾಖೆಯ ಒಳಗೂ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಣ ನಮ್ಮ ಮಳೆಗಾಲ. ಅನೇಕ ಸ್ವಿಚ್ಚುಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿರುವುದಿಲ್ಲ. ಮರ ಬಿದ್ದು ಕರೆಂಟು ಹೋಗಿ, ಯುಪಿಎಸ್ ಕೂಡ ಬರಿದಾಗಿ, ಮತ್ತೆ ಚಾಲೂ ಆದಾಗ ಅವು ತಯಾರಕರು ಇಟ್ಟ ಹಳೆಯ ದಿನಾಂಕದಿಂದ ಎಣಿಕೆ ಶುರುಮಾಡುತ್ತವೆ; ಸಿಸ್ಕೋ ಕಂಪನಿಯ ಹಲವು ಸ್ವಿಚ್ಚುಗಳಲ್ಲಿ ಅದು 1993ರ ಮಾರ್ಚ್ 1. ಮುಖ್ಯ ಕಚೇರಿಯ ಲಿಂಕ್ ಮಾತ್ರ ಕಡಿದರೆ ಅಷ್ಟು ಚಿಂತೆಯಿಲ್ಲ, ಏಕೆಂದರೆ ಹತ್ತು ಲಕ್ಷಕ್ಕೆ ಇಪ್ಪತ್ತು ಭಾಗ ತಪ್ಪುವ ಸಾಧಾರಣ ಸ್ಫಟಿಕವೂ ದಿನಕ್ಕೆ 1.7 ಸೆಕೆಂಡಿನಷ್ಟೇ ಸರಿಯುತ್ತದೆ. ಆದರೆ ಅದೇ ಮರ ಫೈಬರನ್ನೂ ಕಡಿದಿದ್ದರೆ, ಬಿರುಗಾಳಿಯ ರಾತ್ರಿ ಯಾವುದು ಮೊದಲು ಬಿತ್ತು, ಯಾವುದು ಅದರಿಂದಾಗಿ ಬಿತ್ತು ಎಂದು ಲಾಗ್ (ಸ್ವಿಚ್ಚು ಬರೆದಿಡುವ ಘಟನೆಗಳ ದಾಖಲೆ) ನೋಡಿ ಹೇಳುವ ದಾರಿಯೇ ಮುಚ್ಚಿಹೋಗುತ್ತದೆ.

ಆದ್ದರಿಂದ ಪ್ರತಿ ಶಾಖೆಯಲ್ಲಿ ಬ್ಯಾಟರಿ ಗಡಿಯಾರವಿರುವ ಚಿಕ್ಕ ಲಿನಕ್ಸ್ ಕಂಪ್ಯೂಟರಿನಲ್ಲಿ ಕ್ರೋನಿ ಎಂಬ ಎನ್‌ಟಿಪಿ ತಂತ್ರಾಂಶ ನಡೆಸುತ್ತೇನೆ. ಲಿಂಕ್ ಇದ್ದಾಗ ಅದು ಶಿವಮೊಗ್ಗದ ಸರ್ವರ್‌ಗಳನ್ನು ಅನುಸರಿಸುತ್ತದೆ. ಇಲ್ಲದಾಗ ತನ್ನದೇ ಸಮಯವನ್ನು ಸ್ಟ್ರಾಟಮ್ (ಮೂಲ ಗಡಿಯಾರದಿಂದ ಎಷ್ಟು ಹಂತ ದೂರ ಎಂಬ ಅಂಕೆ) 10 ಎಂದು ಹೇಳಿಕೊಂಡು ಸ್ವಿಚ್ಚಿಗೆ ಕೊಡುತ್ತದೆ. ಶಿವಮೊಗ್ಗದ ಸರ್ವರ್‌ಗಳು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಮತ್ತು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯವನ್ನು ಪಡೆಯುತ್ತವೆ. ಈ ಎರಡರಲ್ಲಿ ಒಂದಕ್ಕೆ, ಅಥವಾ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ, ಗಡಿಯಾರ ಹೊಂದಿಸಬೇಕೆಂದು ದೇಶದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿದೆ. ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕೆಂಬುದೂ ಅದರಲ್ಲೇ ಇದೆ. ಸಮಯ ತಪ್ಪಿದ ಲಾಗನ್ನು ಅಷ್ಟು ಕಾಲ ಇಟ್ಟು ಪ್ರಯೋಜನವೇನು?

ಸ್ವಿಚ್ಚಿನಲ್ಲಿ ಮೊದಲು ಟೈಮ್‌ಝೋನ್ 5 ಗಂಟೆ 30 ನಿಮಿಷ ಎಂದು ಕೊಡಬೇಕು. ಬೇಸಿಗೆಯ ಸಮಯ ಬದಲಾವಣೆ ನಮ್ಮಲ್ಲಿಲ್ಲ, ಅದನ್ನು ಆಫ್ ಇಡಬೇಕು. ಸಿಸ್ಕೋದಲ್ಲಿ ಲಾಗ್‌ನ ಸಮಯಮುದ್ರೆಗೆ ಸ್ಥಳೀಯ ಸಮಯ ಬೇಕೆಂದು ಬೇರೆಯಾಗಿ ಬರೆಯದಿದ್ದರೆ ಗಡಿಯಾರ ಭಾರತದ ಸಮಯ ತೋರಿಸುತ್ತಿದ್ದರೂ ಲಾಗ್ ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯದಲ್ಲೇ) ಬೀಳುತ್ತದೆ. ಫೈರ್‌ವಾಲ್‌ನಲ್ಲಿ ಎನ್‌ಟಿಪಿ ಬಳಸುವ ಯುಡಿಪಿ 123 ಪೋರ್ಟ್ ತೆರೆದಿರಬೇಕು, ಅದೂ ನಮ್ಮ ಸರ್ವರ್‌ಗಳಿಗೆ ಮಾತ್ರ.

ಆಮೇಲೆ ಶಾಖೆಯಿಂದ ಅವಸರದಲ್ಲಿ ಹೊರಡಬಾರದು. ಸ್ವಿಚ್ಚು ತೋರಿಸುವ ಎನ್‌ಟಿಪಿ ಸ್ಥಿತಿಯ ಪಟ್ಟಿಯಲ್ಲಿ ರೀಚ್ ಎಂಬ ಅಂಕಣ, ಸರ್ವರ್‌ಗೆ ಸಮಯ ಕೇಳಿದ ಕೊನೆಯ ಎಂಟು ವಿಚಾರಣೆಗಳ ಫಲವನ್ನು ಅಷ್ಟಮಾನ (ಎಂಟರ ಆಧಾರದ) ಸಂಖ್ಯೆಯಲ್ಲಿ ತೋರಿಸುತ್ತದೆ. ಎಂಟಕ್ಕೂ ಉತ್ತರ ಬಂದಾಗ ಅದು 377 ಆಗುತ್ತದೆ. 64 ಸೆಕೆಂಡಿಗೊಂದು ವಿಚಾರಣೆಯಾದರೆ ಇದಕ್ಕೆ ಎಂಟೂವರೆ ನಿಮಿಷ ಬೇಕು. ಅದು ಕಂಡ ಮೇಲೆ ಮುಖ್ಯ ಕಚೇರಿಯ ಲಿಂಕನ್ನು ಕಳಚಿ, ಸ್ವಿಚ್ಚನ್ನು ಆರಿಸಿ ಮತ್ತೆ ಹಚ್ಚಿ, ಶಾಖೆಯ ಕಂಪ್ಯೂಟರಿನಿಂದ ಸರಿಯಾದ ದಿನಾಂಕ ಬರುತ್ತದೆಯೇ ಎಂದು ನೋಡಬೇಕು. ಈ ಪರೀಕ್ಷೆಯನ್ನು ಎಲ್ಲ ಶಾಖೆಗಳಲ್ಲೂ ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮೊದಲೇ ಮುಗಿಸುತ್ತೇನೆ.